ದಾನಿಯ ಜೇಬು, ಊರಿನ ತಂಡ: ಒಂದು ಫುಟ್‌ಬಾಲ್ ಕ್ಲಬ್ಬಿನ ಲೆಕ್ಕಪತ್ರ

ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ನಾರ್ಥಾಂಪ್ಟನ್‌ಷೈರ್ ಬೂಟುಗಳ ಸೀಮೆ. ಚರ್ಮ ಕತ್ತರಿಸುವುದು, ಹೊಲಿಯುವುದು, ಅಟ್ಟೆ ಕೂರಿಸುವುದು ಅಲ್ಲಿನ ಹಲವಾರು ಊರುಗಳಿಗೆ ತಲೆತಲಾಂತರದ ಜೀವನೋಪಾಯವಾಗಿತ್ತು. ಜಿಲ್ಲಾ ಕೇಂದ್ರವಾದ ನಾರ್ಥಾಂಪ್ಟನ್ನಿನ ವೃತ್ತಿಪರ ಫುಟ್‌ಬಾಲ್ ತಂಡಕ್ಕೆ ಇಂದಿಗೂ ‘ಕಾಬ್ಲರ್ಸ್’, ಅಂದರೆ ಪಾದರಕ್ಷೆ ಹೊಲಿಯುವವರು, ಎಂಬುದೇ ಅಡ್ಡಹೆಸರು. ರೌಂಡ್ಸ್ ಎಂಬ ಸಣ್ಣ ಊರಿನಲ್ಲಿ ಸೈನ್ಯಕ್ಕೆ ಬೂಟು ಹೊಲಿಯುತ್ತಿದ್ದ ಕೆಲಸಗಾರರು 1905ರಲ್ಲಿ ಕೂಲಿಯ ದರ ಕೇಳಲು ಲಂಡನ್ನಿನ ಯುದ್ಧ ಇಲಾಖೆಯವರೆಗೆ ಕಾಲ್ನಡಿಗೆಯಲ್ಲೇ ಹೋದರು. ಆ ಸೀಮೆಯ ಜನರಿಗೆ ಬೂಟು, ಕೂಲಿ ಮತ್ತು ಕಾಲ್ನಡಿಗೆ ಮೂರೂ ಒಂದೇ ಕಥೆಯ ಭಾಗಗಳು.

ಈ ಸೀಮೆಯಲ್ಲಿ ನೀನ್ ನದಿಯ ಆಸುಪಾಸಿನ ರಷ್ಡನ್ ಮತ್ತು ಇರ್ಥ್ಲಿಂಗ್‌ಬರೋ ಎಂಬ ಎರಡು ಊರುಗಳು ನಾಲ್ಕೈದು ಮೈಲಿಗಳ ಅಂತರದಲ್ಲಿವೆ. ಎರಡೂ ಊರುಗಳಿಗೆ ಒಂದೊಂದು ಫುಟ್‌ಬಾಲ್ ಕ್ಲಬ್ ಇತ್ತು. 1992ರಲ್ಲಿ ಅವೆರಡೂ ಸೇರಿ ‘ರಷ್ಡನ್ ಅಂಡ್ ಡೈಮಂಡ್ಸ್’ ಎಂಬ ಒಂದೇ ಕ್ಲಬ್ ಆದವು. ಹನ್ನೊಂದು ವರ್ಷಗಳಲ್ಲಿ ಆ ಕ್ಲಬ್ ದೇಶದ ಏಳನೆಯ ಹಂತದಿಂದ ಮೂರನೆಯ ಹಂತಕ್ಕೆ ಏರಿತು. ಮತ್ತೆ ಎಂಟು ವರ್ಷಗಳಲ್ಲಿ ಅದು ಇಲ್ಲವೇ ಆಯಿತು. ಫುಟ್‌ಬಾಲ್ ಬಲ್ಲವರು ಈ ಏಳುಬೀಳುಗಳನ್ನು ಆಟದ ಕಥೆಯಾಗಿ ಹೇಳುತ್ತಾರೆ. ಆದರೆ ಇದು ಮೂಲತಃ ವ್ಯಾಪಾರದ ಕಥೆ. ಕ್ಲಬ್ಬನ್ನು ಕೊಂದದ್ದು ಹಣ ಕೊಡುತ್ತಿದ್ದ ಉದ್ಯಮಿ ಕೈಬಿಟ್ಟುದಲ್ಲ, ಆತ ಕೊಟ್ಟ ದಾನವನ್ನು ಆದಾಯವೆಂದು ಭಾವಿಸಿ ಖರ್ಚುಗಳನ್ನು ಹೂಡಿದ ಲೆಕ್ಕ. ಈ ಮಾತನ್ನು ಒಪ್ಪಬೇಕಾದರೆ ಕ್ಲಬ್ಬಿನ ಇತಿಹಾಸವನ್ನೂ ಅದರ ಬೆನ್ನಿಗಿದ್ದ ಬೂಟಿನ ಇತಿಹಾಸವನ್ನೂ ಜೊತೆಯಲ್ಲಿಟ್ಟು ನೋಡಬೇಕಾಗುತ್ತದೆ.

ಮೊದಲಿಗೆ ಇಂಗ್ಲಿಷ್ ಫುಟ್‌ಬಾಲಿನ ಏರ್ಪಾಡನ್ನು ತಿಳಿಯುವುದು ಅಗತ್ಯ. ಅಲ್ಲಿ ಪ್ರೀಮಿಯರ್ ಲೀಗಿನ 20 ಮತ್ತು ಅದರ ಕೆಳಗಿನ ಮೂರು ವಿಭಾಗಗಳ 72, ಒಟ್ಟು 92 ಕ್ಲಬ್‌ಗಳು ‘ಲೀಗ್’ ಕ್ಲಬ್‌ಗಳೆನಿಸುತ್ತವೆ. ಅದರ ಕೆಳಗೆ ಹಂತಹಂತವಾಗಿ ಹರಡಿಕೊಂಡಿರುವ ನೂರಾರು ಸಣ್ಣ ಕ್ಲಬ್‌ಗಳಿಗೆ ‘ನಾನ್-ಲೀಗ್’ ಎಂದು ಹೆಸರು. ಪ್ರತಿ ವರ್ಷ ಗೆದ್ದವರು ಮೇಲಿನ ಹಂತಕ್ಕೆ ಬಡ್ತಿ ಪಡೆಯುತ್ತಾರೆ, ಸೋತವರು ಕೆಳಗಿಳಿಯುತ್ತಾರೆ. ನಾನ್-ಲೀಗಿನ ತುದಿಯ ಹಂತಕ್ಕೆ ಆಗ ‘ಕಾನ್ಫರೆನ್ಸ್’ ಎಂಬ ಹೆಸರಿತ್ತು, 2015ರಿಂದ ಅದು ‘ನ್ಯಾಷನಲ್ ಲೀಗ್’. 1980ರ ದಶಕದ ಮಧ್ಯದವರೆಗೆ ಈ ತುದಿಯಲ್ಲಿ ಗೆದ್ದವರಿಗೂ ಮೇಲಕ್ಕೆ ಹೋಗುವ ಹಕ್ಕು ಇರಲಿಲ್ಲ. ಲೀಗಿನೊಳಗಿದ್ದ ಕ್ಲಬ್‌ಗಳೇ ಮತ ಹಾಕಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದವು. ಒಳಗಿದ್ದವರು ತಮ್ಮಂಥವರನ್ನೇ ಮತ್ತೆ ಮತ್ತೆ ಆರಿಸುತ್ತಿದ್ದರೆಂಬುದನ್ನು, ಹಳೆಯ ವರ್ತಕರ ಕೂಟಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 1987ರಲ್ಲಿ ಆ ಬಾಗಿಲು ತೆರೆಯಿತು. ಗೆದ್ದವರಿಗೆ ನೇರ ಪ್ರವೇಶ ದೊರೆಯತೊಡಗಿತು. ಅಂದಿನಿಂದ ಹಣವುಳ್ಳವರು ಸಣ್ಣ ಕ್ಲಬ್ಬೊಂದನ್ನು ಹಿಡಿದು ಮೇಲೇರಿಸುವ ಯೋಚನೆ ಅರ್ಥವುಳ್ಳದ್ದಾಯಿತು.

ಇನ್ನು ಬೂಟಿನ ಕಥೆ. 1945ರಲ್ಲಿ ಕ್ಲಾಸ್ ಮಾರ್ಟೆನ್ಸ್ ಎಂಬ ಜರ್ಮನ್ ಸೇನಾ ವೈದ್ಯರು ಹಿಮದಲ್ಲಿ ಜಾರಾಟವಾಡುತ್ತಿದ್ದಾಗ ಕಾಲಿನ ಕೀಲಿಗೆ ಪೆಟ್ಟು ಮಾಡಿಕೊಂಡರು. ನೋವಿಲ್ಲದೆ ನಡೆಯಲೆಂದು ಗಾಳಿ ತುಂಬಿದ ಮೆತ್ತನೆಯ ಅಟ್ಟೆಯ ಬೂಟನ್ನು ತಮಗಾಗಿ ರೂಪಿಸಿಕೊಂಡರು. ಮುಂದೆ ಹರ್ಬರ್ಟ್ ಫಂಕ್ ಎಂಬವರ ಜೊತೆಗೂಡಿ ಅದರ ತಯಾರಿಕೆಗಿಳಿದರು. ಇತ್ತ ನಾರ್ಥಾಂಪ್ಟನ್‌ಷೈರಿನ ವೊಲ್ಲಾಸ್ಟನ್ ಹಳ್ಳಿಯಲ್ಲಿ 1901ರಿಂದ ಕೆಲಸಗಾರರ ಬೂಟುಗಳನ್ನು ತಯಾರಿಸುತ್ತಿದ್ದ ಗ್ರಿಗ್ಸ್ ಮನೆತನದ ಬಿಲ್ ಗ್ರಿಗ್ಸ್, ಪಾದರಕ್ಷೆ ವ್ಯಾಪಾರದ ಪತ್ರಿಕೆಯೊಂದರ ಪುಟ ತಿರುವುತ್ತಿದ್ದಾಗ ಈ ಅಟ್ಟೆಯ ಜಾಹೀರಾತನ್ನು ಕಂಡರು. (ವ್ಯಾಪಾರ ಪತ್ರಿಕೆಗಳ ಜಾಹೀರಾತುಗಳನ್ನು ಯಾರು ಓದುತ್ತಾರೆ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.) ಅವರು ಹಕ್ಕುಗಳನ್ನು ಪಡೆದು, ಹಿಮ್ಮಡಿಯ ಆಕಾರವನ್ನು ಬದಲಿಸಿ, ಹಳದಿ ಹೊಲಿಗೆ ಸೇರಿಸಿ ‘ಡಾಕ್ಟರ್ ಮಾರ್ಟೆನ್ಸ್’ ಎಂಬ ಹೆಸರಿನಲ್ಲಿ ಬೂಟನ್ನು ಹೊರತಂದರು. ಮೊದಲ ಜೊತೆ ತಯಾರಾದ 1960ರ ಏಪ್ರಿಲ್ 1ನೆಯ ದಿನಾಂಕದಿಂದಲೇ ಆ ಮಾದರಿಗೆ ‘1460’ ಎಂಬ ಹೆಸರು ಬಂದಿತು.

ಅಂಚೆಯವರು, ಪೊಲೀಸರು, ಕಾರ್ಖಾನೆಯ ಕೆಲಸಗಾರರು ಕೊಳ್ಳುತ್ತಿದ್ದ ಆ ಬೂಟು ಕ್ರಮೇಣ ಸಂಗೀತಗಾರರ ಮತ್ತು ತರುಣರ ಕಾಲಿಗೂ ಏರಿತು. 1990ರ ದಶಕದ ಹೊತ್ತಿಗೆ ಜಗತ್ತಿನಾದ್ಯಂತ ಮಾರಾಟವಾಗತೊಡಗಿತು. 1994ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಆರು ಅಂತಸ್ತಿನ ಮಳಿಗೆ ತೆರೆಯಿತು. ಆ ಏರುಕಾಲದ ಯಜಮಾನರಾಗಿದ್ದವರು ಮುಂದಿನ ತಲೆಮಾರಿನ ಮ್ಯಾಕ್ಸ್ ಗ್ರಿಗ್ಸ್. ಲಾಭ ಕೈತುಂಬ ಬರುತ್ತಿದ್ದಾಗ ತಮ್ಮ ಸೀಮೆಗೆ ಏನನ್ನಾದರೂ ಕೊಡಬೇಕೆಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರು ಆರಿಸಿಕೊಂಡದ್ದು ಫುಟ್‌ಬಾಲ್.

ರಷ್ಡನ್ ಟೌನ್ ಕ್ಲಬ್ 1889ರಲ್ಲಿ, ಇರ್ಥ್ಲಿಂಗ್‌ಬರೋ ಡೈಮಂಡ್ಸ್ ಕ್ಲಬ್ 1946ರಲ್ಲಿ ಹುಟ್ಟಿದ್ದವು. ಎರಡೂ ದೊಡ್ಡ ಹೆಸರುಗಳಲ್ಲ, ತಮ್ಮ ತಮ್ಮ ಊರಿನ ಜನರ ಮುಂದೆ ಆಡಿಕೊಂಡು ಬದುಕಿದ್ದವು ಅಷ್ಟೆ. 1992ರ ವಿಲೀನದ ನಂತರ ಇರ್ಥ್ಲಿಂಗ್‌ಬರೋದ ನೀನ್ ಪಾರ್ಕ್ ಮೈದಾನವನ್ನು ಗ್ರಿಗ್ಸ್ ಅವರ ಹಣದಲ್ಲಿ ಹೊಸದಾಗಿ ಕಟ್ಟಲಾಯಿತು. ಆರು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣ, ಅದಕ್ಕೆ ಹೊಂದಿಕೊಂಡ ಸಭಾಂಗಣ, ಭೋಜನ ವ್ಯವಸ್ಥೆ, ಬೂಟಿನ ಮಳಿಗೆ ಇವೆಲ್ಲ ಎದ್ದು ನಿಂತವು. ನಾನ್-ಲೀಗ್ ಕ್ಲಬ್ಬೊಂದಕ್ಕೆ ಇಂಥ ಮನೆ ಅಲ್ಲಿಯವರೆಗೆ ಕಂಡುಕೇಳದ್ದು. ಇರ್ಥ್ಲಿಂಗ್‌ಬರೋ ಎಂಬ ಇಡೀ ಊರಿನ ಜನಸಂಖ್ಯೆಯೇ ಕ್ರೀಡಾಂಗಣದ ಆಸನಗಳನ್ನು ಅಷ್ಟಿಷ್ಟು ಮೀರುವಂತಿತ್ತು ಎಂಬುದನ್ನು ಆಗ ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ.

ಆಟದಲ್ಲಿ ಫಲ ಬೇಗನೆ ಬಂದಿತು. 1994ರಲ್ಲಿ ಒಂದು ಬಡ್ತಿ, 1996ರಲ್ಲಿ ಮತ್ತೊಂದು. ಸದರನ್ ಲೀಗನ್ನು ಗೆದ್ದು ಕ್ಲಬ್ ಕಾನ್ಫರೆನ್ಸ್ ಸೇರಿತು. ಅದೇ ವರ್ಷ ಸದರನ್ ಲೀಗಿನ ಪ್ರಾಯೋಜಕತ್ವವನ್ನು ಗ್ರಿಗ್ಸ್ ಅವರ ಕಂಪನಿಯೇ ವಹಿಸಿಕೊಂಡಿತು. ತಮ್ಮ ತಂಡ ಬಿಟ್ಟುಹೋದ ಲೀಗಿಗೆ ತಮ್ಮ ಬೂಟಿನ ಹೆಸರು! 1998ರಿಂದ ಲಂಡನ್ನಿನ ವೆಸ್ಟ್ ಹ್ಯಾಮ್ ಯುನೈಟೆಡ್ ಆಟಗಾರರ ಅಂಗಿಯ ಮೇಲೂ ಡಾಕ್ಟರ್ ಮಾರ್ಟೆನ್ಸ್ ಹೆಸರು ಮೂಡಿತು. ವೆಸ್ಟ್ ಹ್ಯಾಮ್‌ಗೆ ಕೊಟ್ಟ ಹಣ ಜಾಹೀರಾತಿನ ಖರ್ಚು. ಅದಕ್ಕೆ ಕರಾರು ಇರುತ್ತದೆ, ಅವಧಿ ಇರುತ್ತದೆ, ಪ್ರತಿಫಲದ ಅಂದಾಜು ಇರುತ್ತದೆ. ನೀನ್ ಪಾರ್ಕಿಗೆ ಸುರಿದ ಹಣಕ್ಕೆ ಅಂಥ ಹೆಸರನ್ನು ಕೊಡುವುದು ಕಷ್ಟ. ಅದು ಬಂಡವಾಳವೂ ಅಲ್ಲ, ಸಾಲವೂ ಅಲ್ಲ, ಪೂರ್ಣ ಅರ್ಥದಲ್ಲಿ ದತ್ತಿಯೂ ಅಲ್ಲ. ಯಜಮಾನರ ಪ್ರೀತಿ ಇರುವವರೆಗೆ, ಯಜಮಾನರ ವ್ಯಾಪಾರ ನಡೆಯುವವರೆಗೆ ಹರಿಯುವ ನೀರು.

1999ರ ಜನವರಿಯಲ್ಲಿ ಎಫ್.ಎ. ಕಪ್ಪಿನ ಮೂರನೆಯ ಸುತ್ತಿನಲ್ಲಿ ಪ್ರೀಮಿಯರ್ ಲೀಗಿನ ಲೀಡ್ಸ್ ಯುನೈಟೆಡ್ ತಂಡ ನೀನ್ ಪಾರ್ಕಿಗೆ ಬಂದಿತು. ಕಿಕ್ಕಿರಿದ ಕ್ರೀಡಾಂಗಣದಲ್ಲಿ ಪಂದ್ಯ ಗೋಲಿಲ್ಲದೆ ಸಮವಾಯಿತು. ಲೀಡ್ಸಿನಲ್ಲಿ ನಡೆದ ಮರುಪಂದ್ಯದಲ್ಲಿ ಡೈಮಂಡ್ಸ್ ಮೊದಲ ಗೋಲು ಹೊಡೆದರೂ ಕೊನೆಗೆ 3-1ರಿಂದ ಸೋತಿತು. ಆ ದಿನ ಎದುರುಬದುರಾಗಿದ್ದ ಎರಡು ಕ್ಲಬ್‌ಗಳ ಮುಂದಿನ ಗತಿ ಕುತೂಹಲಕರ. ಲೀಡ್ಸ್ ಯುನೈಟೆಡ್ ಮುಂಬರುವ ಗೆಲುವುಗಳನ್ನು ನಂಬಿ ಸಾಲದ ಹಣದಲ್ಲಿ ಆಟಗಾರರನ್ನು ಕೊಂಡಿತು. 2001ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗಿನ ಉಪಾಂತ್ಯದವರೆಗೆ ಹೋಯಿತು. 2004ರಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. 2007ರಲ್ಲಿ ದಿವಾಳಿಯ ಆಡಳಿತಾಧಿಕಾರಿಗಳ ಕೈಸೇರಿ ಮೂರನೆಯ ಹಂತಕ್ಕೆ ಕುಸಿಯಿತು. ಒಂದು ಸಾಲವನ್ನು ಆದಾಯವೆಂದು ತಿಳಿಯಿತು, ಇನ್ನೊಂದು ದಾನವನ್ನು. ಲೀಡ್ಸ್ ಮಹಾನಗರ. ಅದರ ಹಿಂದೆ ಲಕ್ಷಾಂತರ ಜನರಿದ್ದರು, ಆದ್ದರಿಂದ ಕ್ಲಬ್ ಮತ್ತೆ ಎದ್ದು ನಿಂತಿತು. ರಷ್ಡನ್ನಿಗೆ ಆ ಆಸರೆ ಇರಲಿಲ್ಲ.

2000ದಲ್ಲಿ ಒಬ್ಬ ಮುಂಪಡೆ ಆಟಗಾರನಿಗೆ 1,80,000 ಪೌಂಡು ತೆತ್ತ ಕ್ಲಬ್, ಕಾನ್ಫರೆನ್ಸ್ ಮಟ್ಟದಲ್ಲಿ ಅಲ್ಲಿಯವರೆಗಿನ ದಾಖಲೆಯನ್ನೇ ಮಾಡಿತು. 2001ರಲ್ಲಿ ಕಾನ್ಫರೆನ್ಸನ್ನು ಗೆದ್ದು ಫುಟ್‌ಬಾಲ್ ಲೀಗಿನ 92ರ ಪಂಕ್ತಿಗೆ ಸೇರಿತು. ಜಮೈಕಾ ದೇಶದ ಪರ ಆಡಿದ್ದ ಆಟಗಾರರು ಬೂಟಿನ ಸೀಮೆಯ ಪುಟ್ಟ ಊರಿಗೆ ಬಂದರು. ಬ್ರಯನ್ ಟಾಲ್ಬಟ್ ತರಬೇತಿಯಲ್ಲಿ ತಂಡ ಮೊದಲ ವರ್ಷವೇ ಬಡ್ತಿಯ ನಿರ್ಣಾಯಕ ಪಂದ್ಯದವರೆಗೆ ಹೋಗಿ ಕಾರ್ಡಿಫ್‌ನಲ್ಲಿ ಚೆಲ್ಟನಮ್ ಟೌನ್‌ಗೆ ಸೋತಿತು.

ಆ ಹೊತ್ತಿಗೇ ಕೆಳ ವಿಭಾಗಗಳ ಎಲ್ಲ ಕ್ಲಬ್‌ಗಳಿಗೂ ಒಂದು ಪೆಟ್ಟು ಬಿತ್ತು. ಐಟಿವಿ ಡಿಜಿಟಲ್ ಎಂಬ ದೂರದರ್ಶನ ಕಂಪನಿ ಫುಟ್‌ಬಾಲ್ ಲೀಗಿನ ಪಂದ್ಯಗಳ ಪ್ರಸಾರಕ್ಕೆ ಮೂರು ವರ್ಷಗಳಲ್ಲಿ 31.5 ಕೋಟಿ ಪೌಂಡು ಕೊಡಲು ಒಪ್ಪಿತ್ತು. 2002ರ ಮಾರ್ಚಿನಲ್ಲಿ ಅದು ಕುಸಿದಾಗ 17.85 ಕೋಟಿ ಪೌಂಡು ಬಾಕಿ ಉಳಿಯಿತು. ಅದರ ಒಡೆಯರಾದ ಕಾರ್ಲ್‌ಟನ್ ಮತ್ತು ಗ್ರಾನಡ ದೊಡ್ಡ ಕಂಪನಿಗಳೇ. ಆದರೆ ಬಾಕಿಗೆ ತಾವು ಹೊಣೆ ಎಂಬ ಖಾತರಿ ಪತ್ರಕ್ಕೆ ಅವು ಸಹಿ ಹಾಕಿರಲೇ ಇಲ್ಲ. ಲೀಗ್ ನ್ಯಾಯಾಲಯಕ್ಕೆ ಹೋಗಿ ಸೋತಿತು. ಹತ್ತು ಸಾವಿರ ರೂಪಾಯಿಯ ಸರಕು ಉದ್ರಿ ಕೊಡುವಾಗಲೂ ಜಾಮೀನು ಕೇಳುವ ಸಣ್ಣ ವರ್ತಕರು, ಕೋಟಿಗಳ ಕರಾರಿನಲ್ಲಿ ಒಂದು ಸಹಿ ಬಿಟ್ಟುಹೋದ ಈ ಪ್ರಸಂಗವನ್ನು ಎರಡು ಬಾರಿ ಓದಬೇಕು.

ಡೈಮಂಡ್ಸ್ ಮಟ್ಟಿಗೆ ಅದಕ್ಕಿಂತ ದೊಡ್ಡ ಪೆಟ್ಟು ಮನೆಯೊಳಗೇ ಕಾದಿತ್ತು. 1990ರ ದಶಕ ಮುಗಿಯುತ್ತಿದ್ದಂತೆ ಬೂಟಿನ ಫ್ಯಾಷನ್ ಇಳಿಯಿತು, ಮಾರಾಟ ಕುಗ್ಗಿತು, ಇಂಗ್ಲೆಂಡಿನ ಕೂಲಿಯಲ್ಲಿ ಬೂಟು ಹೊಲಿಯುವುದು ಗಿಟ್ಟದಾಯಿತು. ಕಂಪನಿ ತಯಾರಿಕೆಯನ್ನು ಚೀನಾ ಮತ್ತು ಥಾಯ್ಲೆಂಡಿಗೆ ಸಾಗಿಸಲು ನಿರ್ಧರಿಸಿತು. 2003ರ ಏಪ್ರಿಲ್ 1ರಂದು, ಅಂದರೆ ಮೊದಲ ಬೂಟು ಹೊರಬಂದ ದಿನಕ್ಕೆ ಸರಿಯಾಗಿ 43 ವರ್ಷಗಳಾದ ದಿನ, ಇಂಗ್ಲೆಂಡಿನ ತಯಾರಿಕೆ ನಿಂತಿತು. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದಾದ ಒಂದು ತಿಂಗಳಿಗೆ, 2003ರ ಮೇ ತಿಂಗಳಲ್ಲಿ, ರಷ್ಡನ್ ಅಂಡ್ ಡೈಮಂಡ್ಸ್ ನೀನ್ ಪಾರ್ಕಿನಲ್ಲಿ ತನ್ನ ಬೆನ್ನಟ್ಟಿದ್ದ ಹಾರ್ಟ್ಲ್‌ಪೂಲ್ ಜೊತೆ ಸಮ ಮಾಡಿಕೊಂಡು ವಿಭಾಗದ ಪ್ರಶಸ್ತಿ ಗೆದ್ದಿತು. ಕ್ಲಬ್ಬಿನ ಇತಿಹಾಸದ ಅತ್ಯುನ್ನತ ಕ್ಷಣ ಮತ್ತು ಅದರ ಅನ್ನದಾತ ಕಾರ್ಖಾನೆಯ ಅಂತ್ಯ ಒಂದೇ ವಸಂತದಲ್ಲಿ ಬಂದವು. ಆ ದಿನ ಗ್ಯಾಲರಿಯಲ್ಲಿ ಕುಣಿದವರಲ್ಲಿ ಕೆಲಸ ಕಳೆದುಕೊಂಡವರೂ ಇದ್ದಿರಲೇಬೇಕು.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಇಲ್ಲಿ ಸಲೀಸಾಗಿ ಹೇಳಿಬಿಡಬಹುದು. ಆದರೆ ಅದು ಪೂರ್ತಿ ಹೊಂದುವುದಿಲ್ಲ. ಹನ್ನೊಂದು ವರ್ಷಗಳ ಕಾಲ ಹಾಸಿಗೆ ನಿಜವಾಗಿಯೂ ಉದ್ದವಾಗಿತ್ತು, ಅದು ಬೇರೆಯವರದಾಗಿತ್ತು ಎಂಬುದಷ್ಟೇ ತೊಡಕು. ಕೆಳ ವಿಭಾಗಗಳ ಕ್ಲಬ್ಬೊಂದಕ್ಕೆ ಸ್ವಂತ ಆದಾಯವೆಂದರೆ ಟಿಕೆಟ್ಟಿನ ಹಣ, ಊರಿನ ಅಂಗಡಿ ಮುಂಗಟ್ಟುಗಳ ಜಾಹೀರಾತು, ತಿಂಡಿ ಪಾನೀಯಗಳ ವ್ಯಾಪಾರ, ಆಗೊಮ್ಮೆ ಈಗೊಮ್ಮೆ ಆಟಗಾರನೊಬ್ಬನನ್ನು ಮಾರಿದ ಹಣ. ನಾಲ್ಕು ಸಾವಿರ ಜನ ಬಂದು ಕೂತರೂ ಆ ಮಟ್ಟದ ಸಂಬಳ, ಆ ಗಾತ್ರದ ಕ್ರೀಡಾಂಗಣದ ನಿರ್ವಹಣೆ ಅದರಿಂದ ಸಾಗುತ್ತಿರಲಿಲ್ಲ. ಪ್ರತಿ ವರ್ಷ ಉಳಿಯುತ್ತಿದ್ದ ಕಂದಕವನ್ನು ಬೂಟಿನ ಲಾಭ ತುಂಬುತ್ತಿತ್ತು. ಬೂಟಿಗೆ ಲಾಭವೇ ಇಲ್ಲವಾದಾಗ ಕಂದಕ ಬಯಲಾಯಿತು. ತಂಡ ಹೊಸ ವಿಭಾಗದಲ್ಲಿ ಒಂದೇ ವರ್ಷ ಉಳಿಯಿತು. 2004ರಲ್ಲಿ ಟಾಲ್ಬಟ್ ಹೊರಟುಹೋದರು, ಅದೇ ವರ್ಷ ತಂಡ ಕೆಳಗಿಳಿಯಿತು.

ಇಲ್ಲಿ ಮ್ಯಾಕ್ಸ್ ಗ್ರಿಗ್ಸ್ ಅವರ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಂಗ್ಲಿಷ್ ಫುಟ್‌ಬಾಲಿನಲ್ಲಿ ಹಣ ಹಾಕಿದ ಯಜಮಾನರು ಕೈಬಿಡುವಾಗ ತಮ್ಮ ಹಣವನ್ನು ಕ್ಲಬ್ಬಿನ ಮೇಲಿನ ಸಾಲವೆಂದು ತೋರಿಸುವುದು, ಮೈದಾನವನ್ನು ಮಾರುವುದು ಅಪರೂಪವಲ್ಲ. ಉತ್ತರ ಲಂಡನ್ನಿನ ಎನ್‌ಫೀಲ್ಡ್ ಕ್ಲಬ್ 1999ರಲ್ಲಿ ತನ್ನ ಮೈದಾನವನ್ನೇ ಕಳೆದುಕೊಂಡು ನೆಲೆಯಿಲ್ಲದಾಯಿತು. ಬೇಸತ್ತ ಅಭಿಮಾನಿಗಳು 2001ರಲ್ಲಿ ‘ಎನ್‌ಫೀಲ್ಡ್ ಟೌನ್’ ಎಂಬ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಗ್ರಿಗ್ಸ್ ಹಾಗೆ ಮಾಡಲಿಲ್ಲ. 2005ರಲ್ಲಿ ಅವರು ಕ್ಲಬ್ಬನ್ನು ನಾಮಮಾತ್ರದ ಬೆಲೆಗೆ ಅಭಿಮಾನಿಗಳ ಟ್ರಸ್ಟಿಗೆ ಒಪ್ಪಿಸಿದರು. ಇದಕ್ಕಿಂತ ಗೌರವದ ನಿರ್ಗಮನ ಕಷ್ಟ. ಆದರೂ ಅದು ಸಾಲಲಿಲ್ಲ. ಟ್ರಸ್ಟಿಗೆ ದೊರೆತದ್ದು ಅರಮನೆ, ಅದಕ್ಕೆ ಎಣ್ಣೆ ಬತ್ತಿ ಒದಗಿಸುವ ಜಹಗೀರು ಬರಲಿಲ್ಲ. ಸದಸ್ಯರ ವಂತಿಗೆಯಿಂದ ನಡೆಯುವ ಸಂಸ್ಥೆಯೊಂದು ಕಾರ್ಖಾನೆಯ ಲಾಭಕ್ಕೆ ತಕ್ಕಂತೆ ಕಟ್ಟಿದ ಕಟ್ಟಡವನ್ನು ಸಾಕಬೇಕಾಯಿತು. 2006ರಲ್ಲಿ ತಂಡ ಫುಟ್‌ಬಾಲ್ ಲೀಗಿನಿಂದಲೇ ಹೊರಬಿದ್ದು ಕಾನ್ಫರೆನ್ಸಿಗೆ ಮರಳಿತು. ಅದೇ ವರ್ಷ ಟ್ರಸ್ಟು ಕ್ಲಬ್ಬನ್ನು ಖಾಸಗಿಯವರಿಗೆ ವಹಿಸಿಕೊಟ್ಟಿತು.

ಅಭಿಮಾನಿಗಳ ಒಡೆತನವೊಂದೇ ಎಲ್ಲ ರೋಗಕ್ಕೂ ಮದ್ದು ಎಂದು ವಾದಿಸುವವರು ಈ ಒಂದು ವರ್ಷದ ಅನುಭವವನ್ನು ಮರೆಯುತ್ತಾರೆ. ಒಡೆಯ ಯಾರು ಎಂಬ ಪ್ರಶ್ನೆಗಿಂತ, ಖರ್ಚನ್ನು ಯಾವ ಆದಾಯಕ್ಕೆ ಕಟ್ಟಿಹಾಕಲಾಗಿದೆ ಎಂಬ ಪ್ರಶ್ನೆ ಮೊದಲಿನದು. ಇದಕ್ಕೆ ಒಳ್ಳೆಯ ಹೋಲಿಕೆ ಎ.ಎಫ್.ಸಿ. ವಿಂಬಲ್ಡನ್. 2002ರಲ್ಲಿ ಮೂಲ ವಿಂಬಲ್ಡನ್ ಕ್ಲಬ್ಬನ್ನು ಅದರ ಒಡೆಯರು ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಸಾಗಿಸಲು ಅನುಮತಿ ಪಡೆದಾಗ, ಅಭಿಮಾನಿಗಳು ಒಂಬತ್ತನೆಯ ಹಂತದಲ್ಲಿ ಹೊಸ ಕ್ಲಬ್ ಆರಂಭಿಸಿದರು. ಸಾರ್ವಜನಿಕ ಬಯಲಿನಲ್ಲಿ ಪರೀಕ್ಷೆ ನಡೆಸಿ ಆಟಗಾರರನ್ನು ಆರಿಸಿಕೊಂಡರು. ಒಂಬತ್ತು ವರ್ಷಗಳಲ್ಲಿ ಐದು ಬಡ್ತಿಗಳು ಬಂದವು. ಅವರಿಗೂ ಹಣ ಬೇಕಿತ್ತು, ಹಣ ಬಂದಿತು. ಆದರೆ ಅದು ಸಾವಿರಾರು ಜನರ ಕೈಯಿಂದ ಚಿಲ್ಲರೆಯಾಗಿ ಬಂದಿತು, ತಂಡ ಮೇಲೇರಿದಷ್ಟೇ ಖರ್ಚೂ ಏರಿತು. 2011ರ ಮೇ ತಿಂಗಳಲ್ಲಿ ಆ ಕ್ಲಬ್ ಕಾನ್ಫರೆನ್ಸನ್ನು ದಾಟಿ ಫುಟ್‌ಬಾಲ್ ಲೀಗಿಗೆ ಸೇರಿತು. ಅದೇ ಕಾನ್ಫರೆನ್ಸಿನಿಂದ ಮರುತಿಂಗಳೇ ರಷ್ಡನ್ ಅಂಡ್ ಡೈಮಂಡ್ಸ್ ಹೊರದೂಡಲ್ಪಟ್ಟಿತು.

2011ರ ಜೂನ್ 11ರಂದು ಕಾನ್ಫರೆನ್ಸಿನ ವಾರ್ಷಿಕ ಸಭೆ ಡೈಮಂಡ್ಸನ್ನು ಉಚ್ಚಾಟಿಸಿತು. ಬಾಕಿದಾರರಿಗೆ ಹಣ ಕೊಡುವ, ಮುಂದಿನ ಋತುವಿನ ಪಂದ್ಯಗಳನ್ನು ಪೂರೈಸುವ ಭರವಸೆಯನ್ನು ಕ್ಲಬ್ ನೀಡಲಾರದು ಎಂಬುದು ಕಾರಣ. ತೆರಿಗೆ ಇಲಾಖೆಯ ಬಾಕಿಯೂ ಕುತ್ತಿಗೆಗೆ ಬಂದಿತ್ತು. ಜುಲೈನಲ್ಲಿ ಕ್ಲಬ್ ಆಡಳಿತಾಧಿಕಾರಿಗಳ ವಶಕ್ಕೆ ಹೋಗಿ ಅಲ್ಲಿಗೇ ಮುಗಿಯಿತು. ಈ ಶಿಕ್ಷೆ ಕ್ರೂರವೆಂದು ಹಲವರಿಗೆ ಅನ್ನಿಸಿತು. ಸರಕು ಕೊಟ್ಟು ಹಣಕ್ಕೆ ಕಾಯುವವರ ಕಡೆಯಿಂದ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ತೆರಿಗೆ ಕಟ್ಟದೆ, ಬಾಕಿ ತೀರಿಸದೆ ಉಳಿಸಿದ ಹಣದಲ್ಲಿ ಒಳ್ಳೆಯ ಆಟಗಾರನನ್ನು ಕೊಳ್ಳುವ ಕ್ಲಬ್, ಲೆಕ್ಕ ಚುಕ್ತಾ ಮಾಡಿ ಆಡುವ ಕ್ಲಬ್ಬಿನ ಗೆಲುವನ್ನು ಕದ್ದಂತೆ. ಕಾನ್ಫರೆನ್ಸ್ ಮಾಡಿದ್ದು ಸರಿ. ಅದನ್ನು ಹೊಸ ಋತುವಿಗೆ ಎರಡೇ ತಿಂಗಳಿರುವಾಗ ಮಾಡಿದ್ದು, ರೋಗದ ಲಕ್ಷಣಗಳು ವರ್ಷಗಟ್ಟಲೆ ಕಾಣುತ್ತಿದ್ದರೂ ಕೊನೆಗೆ ಕತ್ತಿ ಎತ್ತಿದ್ದು ಮಾತ್ರ ಆಕ್ಷೇಪಾರ್ಹ.

ಬಾಕಿದಾರರ ಮಾತು ಬಂದಾಗ ಇಂಗ್ಲಿಷ್ ಫುಟ್‌ಬಾಲಿನ ಒಂದು ವಿಚಿತ್ರ ನಿಯಮವನ್ನು ಹೇಳದೆ ಮುಂದೆ ಹೋಗಲಾಗದು. ಲೀಗ್ ಕ್ಲಬ್ಬೊಂದು ದಿವಾಳಿಯಾದರೆ, ಅದು ಲೀಗಿನಲ್ಲಿ ಉಳಿಯಬೇಕಾದರೆ, ಆಟಗಾರರಿಗೂ ಬೇರೆ ಕ್ಲಬ್‌ಗಳಿಗೂ ಕೊಡಬೇಕಾದ ಹಣವನ್ನು ಪೂರ್ತಿ ತೀರಿಸಬೇಕು. ಉಳಿದವರಿಗೆ, ಅಂದರೆ ಮುದ್ರಕರು, ಅಡುಗೆಯವರು, ವಿದ್ಯುತ್ ಕೆಲಸದವರು, ಬಟ್ಟೆ ಒಗೆಯುವವರು ಮೊದಲಾದ ಊರಿನ ಸಣ್ಣ ವ್ಯಾಪಾರಿಗಳಿಗೆ, ಮಿಕ್ಕಿದ್ದರಲ್ಲಿ ಪಾಲು. 2010ರಲ್ಲಿ ಪೋರ್ಟ್ಸ್‌ಮತ್ ಕ್ಲಬ್ ಕುಸಿದಾಗ, ಭದ್ರತೆಯಿಲ್ಲದ ಸಾಲಗಾರರಿಗೆ ಪೌಂಡಿಗೆ 20 ಪೆನ್ನಿಯಂತೆ ಕೊಡುವ ಒಪ್ಪಂದವಾಯಿತು. ಆ ಪಟ್ಟಿಯಲ್ಲಿ ಮೈದಾನದಲ್ಲಿ ಗಾಯಾಳುಗಳನ್ನು ಉಪಚರಿಸುವ ಸೇಂಟ್ ಜಾನ್ ಆಂಬ್ಯುಲೆನ್ಸ್ ಎಂಬ ಸೇವಾ ಸಂಸ್ಥೆಯ ಹೆಸರೂ ಇತ್ತು. ಬ್ರಿಟಿಷ್ ತೆರಿಗೆ ಇಲಾಖೆ ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ 2012ರಲ್ಲಿ ಸೋತಿತು. 2020ರ ಡಿಸೆಂಬರಿನಿಂದ ಹೊಸ ಕಾನೂನಿನ ಮೂಲಕ ಕೆಲವು ತೆರಿಗೆಗಳಿಗೆ ಇಲಾಖೆ ಮತ್ತೆ ಆದ್ಯತೆ ಪಡೆದುಕೊಂಡಿತು. ಸರ್ಕಾರ ತನ್ನ ದಾರಿ ನೋಡಿಕೊಂಡಿತು. ಸಣ್ಣ ವ್ಯಾಪಾರಿ ಸಾಲಿನ ತುದಿಯಲ್ಲೇ, ಈಗ ಇನ್ನೂ ಒಂದು ಹೆಜ್ಜೆ ಹಿಂದೆ, ನಿಂತಿದ್ದಾನೆ.

ಸಂಬಳಕ್ಕೆ ಮಿತಿ ಹಾಕುವ ಪ್ರಯತ್ನಗಳೇ ಆಗಿಲ್ಲವೆಂದಲ್ಲ. 2004ರ ಸುಮಾರಿಗೆ ಲೀಗಿನ ಕೆಳವಿಭಾಗದಲ್ಲಿ ಆಟಗಾರರ ವೇತನ ವಹಿವಾಟಿನ ಶೇ. 60ನ್ನು ಮೀರಬಾರದೆಂಬ ನಿಯಮ ಬಂದಿತು. ನೋಡಲು ಸೊಗಸಾದ ನಿಯಮ. ಆದರೆ ಒಡೆಯರು ಕೊಟ್ಟ ದಾನವನ್ನೂ ಹೊಸದಾಗಿ ಹಾಕಿದ ಷೇರು ಬಂಡವಾಳವನ್ನೂ ವಹಿವಾಟಿನ ಲೆಕ್ಕಕ್ಕೆ ಸೇರಿಸಲು ಮುಂದೆ ಅವಕಾಶವಿತ್ತು. ಯಾವ ತಪ್ಪಿನಿಂದ ಡೈಮಂಡ್ಸ್ ಸತ್ತಿತೋ ಅದೇ ತಪ್ಪನ್ನು ನಿಯಮದೊಳಗೇ ಬರೆದುಕೊಂಡಂತಾಯಿತು. ಯಾವ ಸಣ್ಣ ತಯಾರಕನೂ ಮಾವನ ಮನೆಯಿಂದ ಬಂದ ಉಡುಗೊರೆಯನ್ನು ಮಾರಾಟದ ಕಲಮಿನಲ್ಲಿ ಬರೆಯುವುದಿಲ್ಲ.

ಗ್ರಿಗ್ಸ್ ಅವರು ಬೇರೆ ರೀತಿಯಲ್ಲಿ ಕೊಡಬಹುದಿತ್ತೇ? ಕೊಡಬಹುದಿತ್ತು. ಲಾಭದ ವರ್ಷಗಳಲ್ಲಿ ಆಟಗಾರರ ಮೇಲೆ ಸುರಿದ ಹಣದ ಒಂದು ಭಾಗವನ್ನು ಮೂಲಧನವಾಗಿ ಬೇರೆ ಇಟ್ಟು, ಅದರ ಬಡ್ಡಿಯಿಂದ ಕ್ರೀಡಾಂಗಣ ನಡೆಯುವಂತೆ ಮಾಡಬಹುದಿತ್ತು. ಮೈದಾನದ ನೆಲವನ್ನು ಕ್ಲಬ್ಬಿನ ಕಷ್ಟಸುಖಗಳಿಂದ ಬೇರ್ಪಡಿಸಿ, ಯಾರೇ ಒಡೆಯರಾದರೂ ಮಾರಲಾಗದಂತೆ, ಫುಟ್‌ಬಾಲಿಗಲ್ಲದೆ ಬಳಸಲಾಗದಂತೆ ಪತ್ರ ಮಾಡಬಹುದಿತ್ತು. ಹಾಗೆ ಮಾಡಿದ್ದರೆ ತಂಡ ಬಹುಶಃ ಲೀಗನ್ನು ತಲುಪುತ್ತಿರಲಿಲ್ಲ. ಅದನ್ನು ಹಲವರು ನಷ್ಟವೆಂದೇ ಎಣಿಸುತ್ತಾರೆ. ಲೀಡ್ಸ್ ವಿರುದ್ಧದ ಆ ಮಧ್ಯಾಹ್ನ, 2003ರ ಪ್ರಶಸ್ತಿ ಇವುಗಳಿಗೆ ಬೆಲೆ ಕಟ್ಟಲಾದೀತೇ ಎಂದು ಕೇಳುತ್ತಾರೆ. ಕಟ್ಟಲಾಗದು ನಿಜ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಯೂ ಏನೋ ಇದೆ. ರಷ್ಡನ್ ಟೌನ್ 103 ವರ್ಷ, ಇರ್ಥ್ಲಿಂಗ್‌ಬರೋ ಡೈಮಂಡ್ಸ್ 46 ವರ್ಷ ಬಾಳಿದ್ದವು. ಅವೆರಡನ್ನೂ ಕರಗಿಸಿ ಎರಕ ಹೊಯ್ದ ಕ್ಲಬ್ 19 ವರ್ಷ ಬಾಳಿತು.

ಬೂಟಿನ ಕಂಪನಿ ಮಾತ್ರ ಚೇತರಿಸಿಕೊಂಡಿತು. 2007ರಲ್ಲಿ ವೊಲ್ಲಾಸ್ಟನ್ನಿನ ಹಳೆಯ ಕಾರ್ಖಾನೆಯಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಿಕೆ ಮರಳಿ ಆರಂಭವಾಯಿತು. ಮುಂದೆ ಗ್ರಿಗ್ಸ್ ಮನೆತನ ಕಂಪನಿಯನ್ನು ಪರ್ಮಿರಾ ಎಂಬ ಹೂಡಿಕೆ ಸಂಸ್ಥೆಗೆ 30 ಕೋಟಿ ಪೌಂಡಿಗೆ ಮಾರಿತು. 2021ರ ಜನವರಿಯಲ್ಲಿ ಲಂಡನ್ ಷೇರುಪೇಟೆಗೆ ಬಂದಾಗ ಅದರ ಬೆಲೆ 370 ಕೋಟಿ ಪೌಂಡು ಎಂದಾಯಿತು. ಉದ್ಯಮವೊಂದು ವೆಚ್ಚ ತಗ್ಗಿಸಿ, ನೆಲೆ ಬದಲಿಸಿ, ಮತ್ತೆ ಏಳಬಲ್ಲದು. ಊರಿನ ಕ್ಲಬ್ ಚೀನಾಕ್ಕೆ ಹೋಗಿ ಆಡಲಾಗುವುದಿಲ್ಲ.

ನೀನ್ ಪಾರ್ಕಿನ ಕಥೆ ಡೈಮಂಡ್ಸ್ ಜೊತೆಗೇ ಮುಗಿಯಲಿಲ್ಲ. ನೆರೆಯ ಕೆಟರಿಂಗ್ ಟೌನ್ 1872ರಲ್ಲಿ ಹುಟ್ಟಿದ ಕ್ಲಬ್. ವ್ಯಾಪಾರಿಗಳು ಅದನ್ನು ನೆನೆಯಲು ಬೇರೊಂದು ಕಾರಣವಿದೆ. ಇಂಗ್ಲೆಂಡಿನಲ್ಲಿ ಆಟಗಾರರ ಅಂಗಿಯ ಮೇಲೆ ಮೊದಲು ಜಾಹೀರಾತು ಹಾಕಿದ್ದು ಅದೇ. 1976ರಲ್ಲಿ ‘ಕೆಟರಿಂಗ್ ಟೈರ್ಸ್’ ಎಂಬ ಸ್ಥಳೀಯ ಟೈರು ಕಂಪನಿಯ ಹೆಸರನ್ನು ಧರಿಸಿ ಆಡಿದಾಗ ಫುಟ್‌ಬಾಲ್ ಸಂಘ ಅದನ್ನು ತೆಗೆಯಲು ಆಜ್ಞಾಪಿಸಿತು. ಕ್ಲಬ್ ‘ಟೈರ್ಸ್’ ಎಂಬುದರಲ್ಲಿ ಮೊದಲ ಅಕ್ಷರವಾದ ‘ಟಿ’ಯನ್ನಷ್ಟೇ ಉಳಿಸಿ, ಅದು ‘ಟೌನ್’ ಎಂಬುದರ ಸಂಕ್ಷೇಪವೆಂದು ವಾದಿಸಿತು! ದಂಡದ ಬೆದರಿಕೆ ಬಂದ ಮೇಲೆಯೇ ಅದನ್ನು ಕೈಬಿಟ್ಟಿತು. ಮರುವರ್ಷ ಸಂಘವೇ ಜಾಹೀರಾತಿಗೆ ಒಪ್ಪಿತು. ಇಷ್ಟು ಚುರುಕಿನ ಕ್ಲಬ್ ಕೂಡ 2011ರಲ್ಲಿ ತನ್ನ ಹಳೆಯ ಮೈದಾನದ ಗುತ್ತಿಗೆ ತೀರುತ್ತಿದ್ದಾಗ, ಖಾಲಿ ಬಿದ್ದ ನೀನ್ ಪಾರ್ಕಿಗೆ ಬಿಡಾರ ಬದಲಿಸಿತು. ಒಂದೇ ವರ್ಷದಲ್ಲಿ ಅದೂ ಹಣವಿಲ್ಲದೆ ಕುಸಿಯಿತು. 2012ರಲ್ಲಿ ಒಂದು ಪಂದ್ಯಕ್ಕೆ ಹನ್ನೊಂದು ಮಂದಿಯೂ ಸಿಗದೆ ಹತ್ತು ಜನರೊಂದಿಗೆ ಆಡಿ 7-0ರಿಂದ ಸೋತಿತು. ನೀನ್ ಪಾರ್ಕಿನ ವಿದ್ಯುತ್ ಸಂಪರ್ಕ ಕಡಿದುಹೋಯಿತು, ಕೆಟರಿಂಗ್ ಅಲ್ಲಿಂದ ಹೊರಟಿತು.

ಡೈಮಂಡ್ಸ್ ಅಭಿಮಾನಿಗಳು 2011ರ ಜುಲೈನಲ್ಲಿಯೇ ‘ಎ.ಎಫ್.ಸಿ. ರಷ್ಡನ್ ಅಂಡ್ ಡೈಮಂಡ್ಸ್’ ಎಂಬ ಹೊಸ ಕ್ಲಬ್ ಸ್ಥಾಪಿಸಿದರು. ಅದು ಸದಸ್ಯರದೇ ಒಡೆತನದ ಕ್ಲಬ್. ಮೊದಲ ವರ್ಷ ಹದಿನೆಂಟರ ಒಳಗಿನ ಹುಡುಗರ ತಂಡ ಮಾತ್ರ ಆಡಿತು. 2012ರಲ್ಲಿ ಹಿರಿಯರ ತಂಡ ಪ್ರಾದೇಶಿಕ ಮಟ್ಟದ ಯುನೈಟೆಡ್ ಕೌಂಟೀಸ್ ಲೀಗಿಗೆ ಸೇರಿತು. ಮೈದಾನವಿಲ್ಲದ್ದರಿಂದ ನೆರೆಯ ವೆಲ್ಲಿಂಗ್‌ಬರೋ ಊರಿನ ಕ್ಲಬ್ಬಿನ ಮೈದಾನವನ್ನು ಹಂಚಿಕೊಂಡಿತು. 2015ರಲ್ಲಿ ಆ ಲೀಗನ್ನು ಗೆದ್ದಿತು. ನೀನ್ ಪಾರ್ಕನ್ನು 2017ರಲ್ಲಿ ನೆಲಸಮ ಮಾಡಲಾಯಿತು. ಅದೇ ವರ್ಷ ಹೊಸ ಕ್ಲಬ್ ರಷ್ಡನ್ನಿನ ಹೇಡನ್ ರೋಡ್ ಮೈದಾನಕ್ಕೆ ಬಂದಿತು. 1992ಕ್ಕೆ ಮೊದಲು ಹಳೆಯ ರಷ್ಡನ್ ಟೌನ್ ಆಡುತ್ತಿದ್ದುದು ಅಲ್ಲಿಯೇ.